ಚಾಕೊಲೇಟಿಗೆ ಒಗ್ಗರಣೆ

ಮೊಮ್ಮಗಳ ಎಂಟನೆಯ ಹುಟ್ಟುಹಬ್ಬಕ್ಕೆ ಇನ್ನು ಹದಿನೈದು ದಿನ ಇದೆ ಎನ್ನುವಾಗ ಅವಳು ನನ್ನ ಈಸಿಚೇರಿನ ಮುಂದೆ ನಿಂತು ಒಂದು ಬೇಡಿಕೆ ಮಂಡಿಸಿದಳು. ಕೇಕ್ ಬೇಕರಿಯಿಂದಲೇ ಬರಲಿ, ಅಡ್ಡಿಯಿಲ್ಲ. ಆದರೆ ಕೇಕಿನ ಸುತ್ತ ನಿಲ್ಲಿಸುವ ಚಾಕೊಲೇಟ್ ಎಲೆಗಳನ್ನು ಮಾತ್ರ ಮನೆಯಲ್ಲೇ ಮಾಡಬೇಕು. ಗೆಳತಿಯ ಮನೆಯಲ್ಲಿ ಮಾಡಿದ್ದರಂತೆ. ಕನ್ನಡಿಯ ಹಾಗೆ ಹೊಳೆಯುತ್ತಿದ್ದವಂತೆ. ಮುರಿದರೆ ‘ಟಕ್’ ಅನ್ನುತ್ತಿದ್ದವಂತೆ. "ತಾತ, ಟಕ್ ಅನ್ನಲೇಬೇಕು" ಎಂದು ಎರಡೆರಡು ಸಲ ಒತ್ತಿ ಹೇಳಿ ಹೋದಳು.

ನಿವೃತ್ತನಾದವನಿಗೆ ಬಾರದ ಕೆಲಸವೇ ಇಲ್ಲ ಎಂದು ಮನೆಯವರೆಲ್ಲ ನಂಬಿರುತ್ತಾರೆ. ಕರೆಂಟ್ ಬಿಲ್ಲು ಕಟ್ಟುವುದು, ಗ್ಯಾಸಿನವನು ಬಂದರೆ ಬಾಗಿಲು ತೆಗೆಯುವುದು, ಸಂಪಿನಲ್ಲಿ ನೀರೆಷ್ಟಿದೆ ಎಂದು ಬಗ್ಗಿ ನೋಡುವುದು, ಇವುಗಳ ಸಾಲಿಗೆ ಚಾಕೊಲೇಟ್ ಕರಗಿಸುವುದೂ ಸೇರಿತು. ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಸಾಲದ ಕಡತ ತಿರುವಿದವನಿಗೆ ಕಾಲು ಕೆ.ಜಿ. ಚಾಕೊಲೇಟ್ ತಿರುವುವುದು ಏನು ಮಹಾ ಎಂದು ನಾನೂ ಒಪ್ಪಿಕೊಂಡೆ.

ಸೊಸೆ ಆಫೀಸಿಗೆ ಹೊರಡುವ ಗಡಿಬಿಡಿಯಲ್ಲಿ ಶೂ ಹಾಕಿಕೊಳ್ಳುತ್ತಾ ಒಂದು ಮಾತು ಹೇಳಿದಳು: "ಮಾವ, ಸುಮ್ನೆ ಕರಗಿಸಿದ್ರೆ ಟಕ್ ಅನ್ನಲ್ಲ. ಟೆಂಪರಿಂಗ್ ಮಾಡ್ಬೇಕು." ಅವಳ ಲಿಫ್ಟ್ ಕೆಳಗಿಳಿದ ಮೇಲೆ ನಾನು ಮನೆಯಲ್ಲಿದ್ದ ಹಳೆಯ ಇಂಗ್ಲಿಷ್ ಅಡುಗೆ ಪುಸ್ತಕ ತೆಗೆದೆ. ನನ್ನ ಹೆಂಡತಿಗೆ ಮದುವೆಯಲ್ಲಿ ಯಾರೋ ಉಡುಗೊರೆ ಕೊಟ್ಟಿದ್ದು, ಇಷ್ಟು ವರ್ಷ ಹೊಲಿಗೆ ಮಿಷನ್ನಿನ ಕಾಲಿಗೆ ಆಸರೆಯಾಗಿತ್ತು. ಅದರಲ್ಲಿ ಟೆಂಪರಿಂಗ್ ಎಂದರೆ ಸಾಸಿವೆ, ಜೀರಿಗೆ, ಇಂಗು, ಒಣಮೆಣಸಿನಕಾಯಿ ಎಂದು ಸ್ಪಷ್ಟವಾಗಿತ್ತು. ನಾನು ಅದನ್ನು ಜೋರಾಗಿ ಓದಿದ್ದೇ ತಪ್ಪಾಯಿತು. ನಡುಮನೆಯಲ್ಲಿ ಬತ್ತಿ ಹೊಸೆಯುತ್ತಿದ್ದ ಅಮ್ಮ ತಲೆ ಎತ್ತಿದರು. ಅವರಿಗೆ ಎಂಬತ್ತಾರು. ಕಿವಿ ಮಾತ್ರ ಇಪ್ಪತ್ತಾರರದು.

"ಚಾಕ್ಲೇಟಿಗೆ ಒಗ್ಗರಣೆನೇನೋ? ಇಂಗು ಬೇಡಪ್ಪ, ಮಕ್ಕಳು ತಿನ್ನೋದು."

ಜಯನಗರ ನಾಲ್ಕನೇ ಬ್ಲಾಕಿನ ಕಡೆಗೆ ನಡೆದು ಹೋಗಿ ಕೇಕ್ ಸಾಮಾನು ಮಾರುವ ಒಂದು ಅಂಗಡಿ ಹೊಕ್ಕೆ. ನಾನು ಚಾಕೊಲೇಟ್ ಕೇಳಿದೆ. ಅಂಗಡಿಯ ಹುಡುಗ "ಕಾಂಪೌಂಡಾ ಸಾರ್, ಕೋವರ್ಚರಾ?" ಎಂದ. ನಮ್ಮ ಯಡಿಯೂರಿನವರಿಗೆ ಕಾಂಪೌಂಡ್ ಎಂದರೆ ಒಂದೇ ಅರ್ಥ: ಪಕ್ಕದ ಮನೆಯವರು ಕಾರು ತಾಗಿಸಿ ಬಿರುಕು ಬಿಡಿಸಿದ ಗೋಡೆ. ಹುಡುಗ ತಾಳ್ಮೆಯಿಂದ ಪಾಠ ಹೇಳಿದ. ಕೊಕೊ ಬೀಜದಲ್ಲೇ ಇರುವ ಕೊಬ್ಬು, ಅಂದರೆ ಕೊಕೊ ಬೆಣ್ಣೆ, ಇದ್ದರೆ ಅದು ಅಸಲಿ. ಅದರ ಬದಲು ತಾಳೆಬೀಜದ ಎಣ್ಣೆಯಂಥ ಬೇರೆ ಕೊಬ್ಬು ಹಾಕಿ ಮಾಡಿದ್ದು ಕಾಂಪೌಂಡ್. ಕಾಂಪೌಂಡ್ ಸಾಧು ಪ್ರಾಣಿ: ಕರಗಿಸಿ, ಹುಯ್ಯಿರಿ, ಗಟ್ಟಿಯಾಗುತ್ತದೆ, ತಕರಾರಿಲ್ಲ. ಅಸಲಿಯದು ಬೀಗರ ಹಾಗೆ, ಉಪಚಾರ ಜಾಸ್ತಿ ಬೇಕು. "ಮನೇಲಿ ಮಾಡೋರೆಲ್ಲ ಕಾಂಪೌಂಡೇ ತಗೊಂಡು ಹೋಗೋದು ಸಾರ್" ಎಂದು ಹಿತವಚನವನ್ನೂ ಹೇಳಿದ. ಎಲ್ಲರೂ ಹಾಗೆ ಮಾಡುತ್ತಾರೆ ಎಂದರೆ ಬೇರೆ ಥರ ಮಾಡಬೇಕು ಎನ್ನಿಸುವುದು ನನ್ನ ಜಾತಕದಲ್ಲಿರುವ ದೋಷ. ಎರಡು ಪಟ್ಟಿಗೂ ಮೀರಿ ದುಡ್ಡು ಕೊಟ್ಟು ಅಸಲಿಯದನ್ನೇ ತಂದೆ.

‘ಕರಗು’ ಎನ್ನುವ ನಮ್ಮ ಮಾತು ಬಹಳ ಉದಾರಿ. ಬಿಸಿಗೆ ಬೆಣ್ಣೆ ಕರಗಿದರೂ ಅದೇ, ನೀರಿಗೆ ಸಕ್ಕರೆ ಕರಗಿದರೂ ಅದೇ. ಮೋಡ ಕರಗುತ್ತದೆ, ಮನಸ್ಸು ಕರಗುತ್ತದೆ, ಅಕ್ಕಸಾಲಿಗನ ಮೂಸೆಯಲ್ಲಿ ಅಜ್ಜಿಯ ಗುಂಡಿನ ಸರ ಕರಗುತ್ತದೆ, ಇಪ್ಪತ್ತನೇ ತಾರೀಕಿನ ಹೊತ್ತಿಗೆ ಪಿಂಚಣಿ ಕರಗುತ್ತದೆ. ಭಾದ್ರಪದದಲ್ಲಿ ನಮ್ಮ ಯಡಿಯೂರು ಕೆರೆಯ ಮಗ್ಗುಲಿನ ಕಲ್ಯಾಣಿಯಲ್ಲಿ ಸುತ್ತಮುತ್ತಲ ಬಡಾವಣೆಗಳ ಗಣಪತಿಗಳೆಲ್ಲ ಕರಗುತ್ತಾರೆ. ಅದೇ ಕೆರೆಯ ಸುತ್ತ ದಿನಾ ಬೆಳಿಗ್ಗೆ ನಾವೊಂದಷ್ಟು ಮಂದಿ ಹೊಟ್ಟೆ ಕರಗಿಸಲು ಸುತ್ತು ಹಾಕುತ್ತೇವೆ. ಅದೊಂದು ಕರಗಿದ್ದನ್ನು ಯಾರೂ ಕಂಡಿಲ್ಲ. ಮಾತಿನ ಈ ಧಾರಾಳವೇ ನನಗೆ ಮುಳುವಾಯಿತು. ಕರಗುವುದಕ್ಕೂ ನೀರಿಗೂ ಏನೋ ಸ್ನೇಹವಿದೆ ಎಂದು ತಲೆಯ ಯಾವುದೋ ಮೂಲೆಯಲ್ಲಿ ಕೂತುಬಿಟ್ಟಿತ್ತು.

ಮೊದಲ ಪ್ರಯೋಗ ಸಂಕ್ರಾಂತಿಯ ಮರುವಾರ. ವಿಧಾನ ಸುಲಭ. ಡಬರಿಯಲ್ಲಿ ಎರಡು ಬೆರಳಷ್ಟು ನೀರು ಕಾಯಿಸಿ, ಅದರ ಬಾಯಿಗೆ ಸರಿಯಾಗಿ ಕೂರುವ ಬೇಸನ್ನನ್ನು ಮೇಲಿಡಬೇಕು. ಬೇಸನ್ನಿನ ತಳಕ್ಕೆ ನೀರು ತಾಕಬಾರದು, ಆವಿ ಮಾತ್ರ ತಾಕಬೇಕು. ಅದರೊಳಗೆ ಸಣ್ಣಗೆ ಹೆಚ್ಚಿದ ಚಾಕೊಲೇಟ್. ಇದಕ್ಕೆ ಫ್ರೆಂಚರು ‘ಬೇನ್ ಮರಿ’ ಎನ್ನುತ್ತಾರೆ ಎಂದು ಅಮ್ಮನಿಗೆ ಹೇಳಿದೆ. "ಯಾರ ಮರಿಯೋ?" ಎಂದರು. ಮರಿಯಲ್ಲ, ಮೇರಿ. ಕ್ರಿಸ್ತಶಕದ ಮೊದಮೊದಲ ಶತಮಾನಗಳಲ್ಲಿ ಈಜಿಪ್ಟಿನಲ್ಲಿದ್ದಳೆನ್ನುವ ಯಹೂದಿ ರಸವಾದಿ. ಕೀಳುಲೋಹವನ್ನು ಬಂಗಾರ ಮಾಡಲು ಹೊರಟ ಪಂಥದವಳು. ಬಂಗಾರವೇನೂ ಆಗಲಿಲ್ಲ, ಆದರೆ ಹದವಾಗಿ ಬಿಸಿ ಮಾಡುವ ಈ ನೀರಿನ ತೊಟ್ಟಿಗೆ ಅವಳ ಹೆಸರು ಉಳಿಯಿತು. ಅಮ್ಮ ಪಾತ್ರೆಯನ್ನು ಒಮ್ಮೆ ನೋಡಿ, "ಇದಕ್ಕೆ ಈಜಿಪ್ಟಿಗೆ ಯಾಕೆ ಹೋಗ್ಬೇಕು? ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಬಾಟ್ಲಿನ ಬಿಸಿನೀರಿನ ಚೊಂಬಲ್ಲಿ ನಿಲ್ಸಲ್ವಾ?" ಎಂದರು. ಅದೂ ನಿಜ. ಧನುರ್ಮಾಸ ಬಂತೆಂದರೆ ಬೆಂಗಳೂರಿನ ಪ್ರತಿ ಬಚ್ಚಲಿನಲ್ಲೂ ಒಬ್ಬೊಬ್ಬ ಮೇರಿ ಇರುತ್ತಾಳೆ.

ಸಮುದ್ರಮಟ್ಟದಿಂದ ಒಂಬೈನೂರು ಮೀಟರಿಗೂ ಮೇಲಿರುವ ನಮ್ಮೂರಲ್ಲಿ ನೀರು 97 ಡಿಗ್ರಿಯ ಹತ್ತಿರವೇ ಕುದಿಯುತ್ತದೆ. ಚಾಕೊಲೇಟಿಗೆ ಅದರಲ್ಲಿ ಅರ್ಧ ಸಾಕು: ಕಪ್ಪು ಚಾಕೊಲೇಟಿಗೆ 45ರಿಂದ 50, ಹಾಲು ಬೆರೆತದ್ದಕ್ಕೆ ಇನ್ನೂ ಐದು ಕಡಿಮೆ. ಹಾಗಾಗಿ ನೀರು ಕುದಿ ಬಂದ ಕೂಡಲೇ ಒಲೆ ಆರಿಸಿ, ಉಳಿದ ಬಿಸಿಯಲ್ಲೇ ಕರಗಲು ಬಿಟ್ಟರೆ ಸರಿ. ಅದನ್ನೆಲ್ಲ ನಾನು ಚಾಚೂ ತಪ್ಪದೆ ಮಾಡಿದೆ. ಕರಗಿತು ಕೂಡ. ಆಹಾ, ಅದನ್ನು ನೋಡಬೇಕಿತ್ತು. ಸೌಟು ಎತ್ತಿದರೆ ರೇಷ್ಮೆ ನೂಲಿನಂತೆ ಎಡೆಬಿಡದೆ ಇಳಿದು, ಇಳಿದ ಜಾಗದಲ್ಲಿ ಒಂದು ಸುಳಿ ಬರೆದು, ಆ ಸುಳಿಯೂ ನಿಧಾನವಾಗಿ ಮುಳುಗುತ್ತಿತ್ತು. ಆಗ ಬೀದಿಯಲ್ಲಿ ಸೊಪ್ಪಿನವಳು ಕೂಗಿದಳು. ಹುಳ ಬೀಳಬಾರದಲ್ಲ ಎಂದು ಬೇಸನ್ನಿನ ಮೇಲೆ ಒಂದು ತಟ್ಟೆ ಮುಚ್ಚಿ ಹೊರಗೆ ಹೋದೆ.

ಎರಡು ಕಟ್ಟು ದಂಟು, ಒಂದು ಕಟ್ಟು ಮೆಂತ್ಯ, ಸ್ವಲ್ಪ ಲೋಕಾಭಿರಾಮ. ಬಂದು ತಟ್ಟೆ ಎತ್ತಿದೆ. ತಟ್ಟೆಯ ಒಳಮೈ ತುಂಬ ಬೆವರಿನಂತೆ ಹನಿಗಳು. ಬೇಸನ್ನಿಗೂ ಡಬರಿಗೂ ನಡುವೆ ಇದ್ದ ಸಣ್ಣ ಸಂದಿಯಿಂದ ಮೇಲೆದ್ದ ಆವಿ ಅಲ್ಲಿ ಹೋಗಿ ಕೂತಿತ್ತು. ಎತ್ತಿದ ರಭಸಕ್ಕೆ ಆ ಹನಿಗಳು ಸಾಲಾಗಿ ಜಾರಿ ಬೇಸನ್ನಿಗೆ ಬಿದ್ದವು. ಹೆಚ್ಚೆಂದರೆ ಅರ್ಧ ಚಮಚ. ಏನಾದೀತು ಎಂದು ಸೌಟಾಡಿಸಿದೆ.

ಮೊದಲು ಸೌಟು ಭಾರವಾಯಿತು. ಆಮೇಲೆ ಹೊಳಪು ಹೋಯಿತು. ಅಂಚಿನಲ್ಲಿ ತರಿತರಿಯಾಗಿ ಏನೋ ಕಂಡಿತು. ಇನ್ನೆರಡು ಸುತ್ತು ತಿರುಗಿಸುವಷ್ಟರಲ್ಲಿ ಇಡೀ ಚಾಕೊಲೇಟ್ ಬೇಸನ್ನಿನ ಗೋಡೆ ಬಿಟ್ಟು ಸೌಟಿಗೆ ಸುತ್ತಿಕೊಂಡು ನಿಂತಿತು. ಬಣ್ಣ, ಗಾತ್ರ, ಗಾಂಭೀರ್ಯ ಎಲ್ಲದರಲ್ಲೂ ಥೇಟ್ ರಾಗಿಮುದ್ದೆ. ಸೊಪ್ಪು ಬಿಡಿಸಲು ಬಂದ ನನ್ನ ಹೆಂಡತಿ ಇಣುಕಿ ನೋಡಿ, "ಎಂತ ಮಾರಾಯ್ರೇ ಇದು? ಬಸ್ಸಾರು ಮಾಡಬೇಕಾ ಈಗ?" ಎಂದಳು. ಅವಳು ಪುತ್ತೂರಿನ ಕಡೆಯವಳು. ಮುದ್ದೆಯ ಬಗ್ಗೆ ಅವಳಿಗೆ ನಲವತ್ತು ವರ್ಷದ ಹಳೆಯ ಅನುಮಾನವಿದೆ.

ಗಟ್ಟಿಯಾದದ್ದು ತಣ್ಣಗಾಗಿ ಎಂದುಕೊಂಡು ಮತ್ತೆ ಒಲೆ ಹಚ್ಚಿದೆ. ಅದು ಎರಡನೆಯ ತಪ್ಪು. ಬಿಸಿ ಏರಿದಷ್ಟೂ ಮುದ್ದೆ ಇನ್ನಷ್ಟು ಒರಟಾಯಿತು. ವಿಷಯ ಏನೆಂದರೆ, ಚಾಕೊಲೇಟ್ ಎನ್ನುವುದು ಕೊಬ್ಬಿನಲ್ಲಿ ತೇಲುವ ಸಕ್ಕರೆ ಮತ್ತು ಕೊಕೊ ಪುಡಿ. ಆ ಪುಡಿ ನಾಲಿಗೆಗೆ ಸಿಕ್ಕದಷ್ಟು ನುಣುಪು. ಒಂದು ಹನಿ ನೀರು ಬಿದ್ದರೆ ಸಕ್ಕರೆಯ ಕಣಗಳೆಲ್ಲ ಆ ಹನಿಗೆ ಮುಗಿಬಿದ್ದು, ಮೈ ಒದ್ದೆ ಮಾಡಿಕೊಂಡು, ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಕಾಫಿ ಕಲಸಿದ ಒದ್ದೆ ಚಮಚವನ್ನು ಹಾಗೇ ಸಕ್ಕರೆ ಡಬ್ಬಿಗೆ ಹಾಕಿದರೆ ಏನಾಗುತ್ತದೋ ಅದೇ. ಆ ಅಪರಾಧಕ್ಕೆ ನಾನು ಬಾಲ್ಯದಿಂದ ಬೈಸಿಕೊಳ್ಳುತ್ತಲೇ ಬಂದಿದ್ದೇನೆ. ಇದರಲ್ಲಿ ಇನ್ನೊಂದು ವಿಚಿತ್ರ ಇದೆ. ಸ್ವಲ್ಪ ನೀರು ಬಿದ್ದರೆ ಕೆಡುವ ಚಾಕೊಲೇಟ್ ಧಾರಾಳವಾಗಿ ಬಿದ್ದರೆ ಕೆಡುವುದಿಲ್ಲ. ಅಕ್ಕಿಹಿಟ್ಟಿಗೆ ಚಮಚ ನೀರು ಹಾಕಿದರೆ ಗಂಟು, ಲೋಟ ಹಾಕಿದರೆ ನೀರುದೋಸೆ ಹಿಟ್ಟು. ಹಾಗೇ ಬಿಸಿ ಹಾಲನ್ನು ಸೌಟು ಸೌಟಾಗಿ ಹಾಕುತ್ತಾ ಬಂದೆ. ಮುದ್ದೆ ಸಡಿಲಾಯಿತು, ಗೊಜ್ಜಾಯಿತು, ಮತ್ತೆ ಹೊಳೆಯಿತು. ಎಲೆ ಮಾಡಲು ಬಾರದು, ಆದರೆ ಮೂರು ದಿನ ದೋಸೆಗೆ ನಂಚಿಕೊಂಡೆವು. ಮೊಮ್ಮಗಳ ಪ್ರಕಾರ ನಾನು ಜೀವಮಾನದಲ್ಲಿ ಮಾಡಿದ ಅತ್ಯುತ್ತಮ ತಪ್ಪು ಅದು.

ಅಮ್ಮನಿಗೆ ಮಾತ್ರ ನನ್ನ ಮೇಲೆ ಕೋಪ. "ಉಪ್ಪಿನಕಾಯಿ ಜಾಡಿಗೆ ಒದ್ದೆ ಕೈ ಹಾಕ್ಬೇಡ ಅಂತ ಎಷ್ಟು ಸಲ ಹೇಳಿದೀನಿ" ಎಂದರು. ಉಪ್ಪಿನಕಾಯಿಗೂ ಇದಕ್ಕೂ ಏನು ಸಂಬಂಧ ಎಂದು ವಾದಕ್ಕಿಳಿಯಲು ಹೋಗಿ ಬಾಯಿ ಮುಚ್ಚಿಕೊಂಡೆ. ಜಾಡಿಯ ಕಾರಣ ಬೇರೆ, ಬೇಸನ್ನಿನ ಕಾರಣ ಬೇರೆ. ಆದರೆ ನಿಯಮ ಒಂದೇ: ಪಾತ್ರೆ ಒರೆಸು, ಸೌಟು ಒರೆಸು, ಕೈ ಒರೆಸು, ಆಮೇಲೆ ಮುಟ್ಟು. ಸಂಕ್ರಾಂತಿಗೆ ಸಕ್ಕರೆ ಅಚ್ಚು ಹುಯ್ಯುವ ಅವರ ಮರದ ಅಚ್ಚುಗಳು ಇನ್ನೂ ಅಟ್ಟಕ್ಕೆ ಏರಿರಲಿಲ್ಲ. ನವಿಲು, ಬಾಳೆಗೊನೆ, ತುಳಸಿಕಟ್ಟೆ. ಎಲೆ ಬಿಟ್ಟು ಅದರಲ್ಲೇ ಚಾಕೊಲೇಟ್ ಹುಯ್ದರೆ ಹೇಗೆ ಎಂದು ಆಸೆಯಾಗಿತ್ತು. ನೀರಲ್ಲಿ ನೆನೆಸಿ ನೆನೆಸಿ ಐವತ್ತು ವರ್ಷ ಸಂಕ್ರಾಂತಿ ಕಂಡ ಮರ ಅದು. ಆಸೆ ಬಿಟ್ಟೆ.

ಈ ಗಲಾಟೆಯ ನಡುವೆ ನನ್ನ ಹೆಂಡತಿ ನಗುತ್ತಲೇ ಇದ್ದಳು. ಕಾರಣ ರಾತ್ರಿ ಊಟದ ಹೊತ್ತಿಗೆ ಹೊರಬಂತು. ಅವಳ ತವರಿನ ಅಡಿಕೆ ತೋಟದಲ್ಲಿ ಮರಗಳ ನೆರಳಿನಲ್ಲಿ ಕೊಕ್ಕೊ ಗಿಡಗಳಿವೆ. ಆ ಕಡೆ ಕೊಕೊ ಎನ್ನುವುದಿಲ್ಲ, ಕೊಕ್ಕೊ. ಕಾಯಿ ಕೊಂಬೆಯ ತುದಿಗಲ್ಲ, ಕಾಂಡದ ಮೈಗೇ ಅಂಟಿಕೊಂಡಂತೆ ಬಿಡುತ್ತದೆ, ಹಲಸಿನ ಹಾಗೆ. ಹಳದಿಯಾದ ಕಾಯನ್ನು ಕಲ್ಲಿಗೆ ಕುಟ್ಟಿ ಒಡೆದರೆ ಒಳಗೆ ಮೂವತ್ತು ನಲವತ್ತು ಬೀಜ, ಒಂದೊಂದರ ಸುತ್ತ ಬಿಳಿಯ ಲೋಳೆ ತಿರುಳು, ಹುಳಿಸಿಹಿ. ಶಾಲೆಯಿಂದ ಬರುವ ಮಕ್ಕಳು ಆ ತಿರುಳು ಚೀಪಿ ಬೀಜ ಉಗಿಯುತ್ತಿದ್ದರು. ಮಂಗ, ಅಳಿಲುಗಳದ್ದೂ ಅದೇ ಕ್ರಮ. "ನಾವು ಉಗಿದದ್ದನ್ನು ನೀವು ಇಷ್ಟು ದುಡ್ಡು ಕೊಟ್ಟು ತಂದು ಮುದ್ದೆ ಮಾಡಿದಿರಿ" ಎಂದಳು.

ಆ ಬೀಜವನ್ನು ಹಸಿಯಾಗಿ ಕಚ್ಚಿದರೆ ಬರೀ ಕಹಿ, ಒಗರು. ಒಳಗೆ ನೇರಳೆ ಬಣ್ಣ. ಚಾಕೊಲೇಟಿನ ವಾಸನೆಯ ಸುಳಿವೂ ಇಲ್ಲ. ಬೀಜವನ್ನು ಬುಟ್ಟಿಗೆ ತುಂಬಿ, ಬಾಳೆ ಎಲೆ ಮುಚ್ಚಿ ಐದಾರು ದಿನ ಇಟ್ಟರೆ ತಿರುಳು ಹುಳಿತು ನೀರಾಗಿ ಇಳಿಯುತ್ತದೆ, ರಾಶಿ ತಾನಾಗಿಯೇ ಬಿಸಿಯೇರುತ್ತದೆ, ಬೀಜ ಕಂದು ತಿರುಗುತ್ತದೆ. ಆಮೇಲೆ ಬಿಸಿಲು, ಆಮೇಲೆ ಹುರಿಯುವುದು. ಇಡ್ಲಿಯ ಹಿಟ್ಟಿನಂತೆ ಚಾಕೊಲೇಟಿಗೂ ಹುಳಿ ಬಂದರೇ ರುಚಿ ಎಂಬುದು ನನಗೆ ಅರವತ್ತು ದಾಟಿದ ಮೇಲೆ, ಅದೂ ಊಟದ ಎಲೆಯ ಮುಂದೆ, ತಿಳಿಯಿತು. ಬೆಲೆ ಕುಸಿದು ಕೊಕ್ಕೊ ಕೊಳ್ಳುವವರು ಹಿಂದೆ ಸರಿದ ಕಾಲವೊಂದಿತ್ತಂತೆ. ಅವಳ ಅಪ್ಪ ಗಿಡ ಕಡಿಸಲು ಕತ್ತಿ ಮಸೆಸಿದ್ದರಂತೆ. ಆಗ ಕೈ ಹಿಡಿದದ್ದು ಕ್ಯಾಂಪ್ಕೋ. 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಅಡಿಕೆ ಬೆಳೆಗಾರರಿಗಾಗಿ ಮಂಗಳೂರಿನಲ್ಲಿ ಹುಟ್ಟಿದ ಸಹಕಾರ ಸಂಸ್ಥೆ, ಕೊಕ್ಕೊವನ್ನೂ ಕೊಂಡು, ಕೊನೆಗೆ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ಉದ್ಘಾಟನೆಗೆ ರಾಷ್ಟ್ರಪತಿ ಜೈಲ್ ಸಿಂಗ್ ಬಂದಿದ್ದರು. ನನ್ನ ಹೆಂಡತಿ ರಸ್ತೆ ಬದಿಯ ಗುಂಪಿನಲ್ಲಿ ನಿಂತು ನೋಡಿದ್ದಳು. ಕಂಡದ್ದು ಒಂದು ಪೇಟದ ತುದಿ, ನಾಲ್ಕು ಪೊಲೀಸ್ ಲಾಠಿ. ಆದರೂ ನಮ್ಮ ಮನೆಯಲ್ಲಿ ರಾಷ್ಟ್ರಪತಿಯನ್ನು ಕಣ್ಣಾರೆ ಕಂಡವಳು ಅವಳೊಬ್ಬಳೇ ಎಂಬ ಹಿರಿಮೆ ಇವತ್ತಿಗೂ ಚಾಲ್ತಿಯಲ್ಲಿದೆ. ಬರೀ ಬೀಜ ಮಾರುತ್ತಿದ್ದ ಊರು ತಾನೇ ಚಾಕೊಲೇಟ್ ಮಾಡಿ ಮಾರಿದ್ದು ದೊಡ್ಡ ಸಂಗತಿ. ನಾವು ಸ್ವಿಜರ್ಲೆಂಡಿನ ಹೆಸರು ಹೇಳಿ ಬಾಯಿ ಚಪ್ಪರಿಸುವಾಗ ಅದು ನೆನಪಿಗೇ ಬರುವುದಿಲ್ಲ.

ಎರಡನೆಯ ಪ್ರಯೋಗಕ್ಕೆ ಆವಿಯ ಸಹವಾಸ ಬೇಡವೆಂದು ಮೈಕ್ರೋವೇವ್ ಹಿಡಿದೆ. ಅರ್ಧ ಶಕ್ತಿ, ಮೂವತ್ತು ಸೆಕೆಂಡ್, ಹೊರತೆಗೆದು ಕಲಕು, ಮತ್ತೆ ಮೂವತ್ತು. ಇಲ್ಲೊಂದು ಮೋಸವಿದೆ. ಒಳಗೆ ಪೂರ್ತಿ ಕರಗಿದ್ದರೂ ಚಾಕೊಲೇಟ್ ತುಂಡು ಮೂಲೆ ಮೂಲೆ ಹಾಗೇ ಇಟ್ಟುಕೊಂಡು ಕೂತಿರುತ್ತದೆ, ಬಹುಮತ ಹೋದರೂ ಕುರ್ಚಿ ಬಿಡದ ಮಂತ್ರಿಯ ಹಾಗೆ. ಇನ್ನೂ ಕರಗಿಲ್ಲ ಎಂದು ಮತ್ತೊಂದು ನಿಮಿಷ ಇಟ್ಟರೆ ಸೀದ ವಾಸನೆ. ಚಮಚದ ತುದಿ ಮುಟ್ಟಿಸಿದರೆ ಸಾಕು, ಕುಸಿಯುತ್ತದೆ. ನಾನು ಮುಟ್ಟಿಸಿದೆ, ಕುಸಿಯಿತು. ತಟ್ಟೆಗೆ ಹುಯ್ದು, ಬೇಗ ಆಗಲಿ ಎಂದು ಫ್ರಿಜ್ಜಿನಲ್ಲಿಟ್ಟೆ.

ಮಾರನೆಯ ದಿನ ತೆಗೆದರೆ ಹೊಳಪಿಲ್ಲ. ಮೈಮೇಲೆಲ್ಲ ಬೂದಿ ಬಳಿದಂತೆ ಗೆರೆ. ಮುರಿದರೆ ಟಕ್ ಇಲ್ಲ. ಹಳೆಯ ಬಿಸ್ಕತ್ತಿನಂತೆ ಬಾಗಿ ಬಿಟ್ಟುಕೊಂಡಿತು. ಬೆರಳಿಗೆ ಅಂಟಿತು. ಅಮ್ಮ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟರು: "ಬೂಷ್ಟು."

ಈ ತೀರ್ಪಿಗೆ ಪೂರ್ವೇತಿಹಾಸವಿದೆ. ನನ್ನ ತಮ್ಮನ ಮಗ ಅಮೆರಿಕದಲ್ಲಿದ್ದಾನೆ. ದಕ್ಷಿಣ ಬೆಂಗಳೂರಿನಲ್ಲಿ ಹೀಗೊಬ್ಬ ಇಲ್ಲದ ಮನೆ ಇಲ್ಲ. ಅವನು ಬಂದನೆಂದರೆ ಪೆಟ್ಟಿಗೆಯ ಅರ್ಧ ಭಾಗ ಚಾಕೊಲೇಟ್. ಮನೆಗೆಲಸದವಳಿಗೆ, ಇಸ್ತ್ರಿಯವನಿಗೆ, ಎದುರುಮನೆಗೆ, ರಾಯರ ಮಠದಲ್ಲಿ ಸಿಕ್ಕವರಿಗೆ ಎಲ್ಲ ಎರಡೆರಡು ಹಂಚಿ, ಉಳಿದದ್ದನ್ನು ಅಮ್ಮ ಫ್ರಿಜ್ಜಿನಲ್ಲಿ ಮೊಟ್ಟೆ ಇಡುವ ಗುಳಿಗಳಲ್ಲಿ ಇಡುತ್ತಾರೆ. ನಮ್ಮಲ್ಲಿ ಆ ಗುಳಿಗಳಿಗೆ ನಿಂಬೆಹಣ್ಣು, ಚಾಕೊಲೇಟ್, ಕಣ್ಣಿನ ಡ್ರಾಪ್ಸ್ ಬಿಟ್ಟು ಬೇರೆ ಕೆಲಸ ಕೊಟ್ಟಿದ್ದೇ ಇಲ್ಲ. ಒಂದು ಏಪ್ರಿಲ್‌ನಲ್ಲಿ ಅವನು ತಂದ ದುಬಾರಿ ಬಾರುಗಳು ದಾರಿಯ ಸೆಕೆಗೆ ಕರಗಿ, ನಮ್ಮ ಫ್ರಿಜ್ಜಿನಲ್ಲಿ ಮತ್ತೆ ಗಟ್ಟಿಯಾಗಿ, ಬೆಳ್ಳಗೆ ಹೂ ಬಿಟ್ಟಿದ್ದವು. ಅಮ್ಮ ಬೂಷ್ಟು ಎಂದು ತಿಳಿದು ಅಷ್ಟನ್ನೂ ಕಸದವನಿಗೆ ಕೊಟ್ಟರು. ಕಸದವನು ಅಲ್ಲೇ ಗೇಟಿನ ಬಳಿ ನಿಂತು ಒಂದನ್ನು ಬಾಯಿಗೆ ಹಾಕಿಕೊಂಡು, ನನ್ನನ್ನು ನೋಡಿ ತಲೆಯಾಡಿಸಿದ. ಅವನೇ ಸರಿ. ಅದು ಬೂಷ್ಟಲ್ಲ, ದಾರಿ ತಪ್ಪಿ ಮೇಲೆ ಬಂದ ಕೊಕೊ ಬೆಣ್ಣೆ. ತಿಂದರೆ ಏನೂ ಆಗುವುದಿಲ್ಲ.

ದಾರಿ ಯಾಕೆ ತಪ್ಪುತ್ತದೆ ಎಂದು ಬಿಡಿಸಿ ಹೇಳಿದವರು ಕೆರೆಯ ವಾಕಿಂಗ್ ಬಳಗದ ಕೆಮಿಸ್ಟ್ರಿ ಮೇಷ್ಟ್ರು. ಮೂರು ಸುತ್ತಾದ ಮೇಲೆ ಕಲ್ಲುಬೆಂಚಿನ ಮೇಲೆ ಕೂತು, ಕೋಲಿನ ತುದಿಯಿಂದ ಮಣ್ಣಿನಲ್ಲಿ ಆರು ಗೆರೆ ಎಳೆದರು. ಕೊಕೊ ಬೆಣ್ಣೆ ಗಟ್ಟಿಯಾಗುವಾಗ ಆರು ಬಗೆಯ ಹರಳು ಕಟ್ಟಬಲ್ಲದು. "ಒಂದೇ ಮನೆ ಆರು ಮಕ್ಕಳು ಅಂತಿಟ್ಕೊಳ್ಳಿ. ರಕ್ತ ಒಂದೇ, ಗುಣ ಬೇರೆ." ಮೊದಲ ನಾಲ್ವರು ಬೇಗ ಬರುತ್ತಾರೆ, ಬೇಗ ಕೈಕೊಡುತ್ತಾರೆ, ಹದಿನೇಳು ಡಿಗ್ರಿಗೆ ಒಬ್ಬ ಕರಗಿದರೆ ಇಪ್ಪತ್ತೆಂಟರ ಹೊತ್ತಿಗೆ ನಾಲ್ಕನೆಯವನೂ ಕರಗಿರುತ್ತಾನೆ. ಆರನೆಯವನು ತಿಂಗಳುಗಟ್ಟಲೆ ತಡವಾಗಿ ಬಂದು, ಇದ್ದದ್ದನ್ನೂ ಬೆಳ್ಳಗೆ ಮಾಡುತ್ತಾನೆ. ನೆಚ್ಚಬೇಕಾದವನು ಐದನೆಯವನು. ಕರಗುವುದು 34ರ ಆಸುಪಾಸು. ಅಂದರೆ ಕೈಯಲ್ಲಿ ಹಿಡಿದರೆ ಕೊಂಚ ಹೊತ್ತು ಗಟ್ಟಿ, 37 ಡಿಗ್ರಿಯ ಬಾಯಿಗೆ ಬಿದ್ದರೆ ನೀರು. ಹೊಳಪು, ಟಕ್ ಎಲ್ಲ ಅವನದ್ದೇ. "ನೀವು ಕರಗಿಸಿ ಫ್ರಿಜ್ಜಿಗೆ ನೂಕಿದ್ರಲ್ಲ, ಸಿಕ್ಕಿದವರೆಲ್ಲ ನುಗ್ಗಿ ಕೂತುಬಿಟ್ರು" ಎಂದರು. ನಮ್ಮ ಬಳಗದ ಇನ್ನೊಬ್ಬರು ಆರು ಜನ ಅಣ್ಣತಮ್ಮಂದಿರ ಪೈಕಿ ನಾಲ್ಕನೆಯವರು. ಅವತ್ತು ಅವರು ಯಾಕೋ ನಾಲ್ಕನೆಯ ಸುತ್ತಿಗೆ ಬರಲಿಲ್ಲ.

ಐದನೆಯವನೊಬ್ಬನನ್ನೇ ಕರೆಯುವುದು ಹೇಗೆ? ಮೊದಲು 45 ದಾಟಿಸಿ ಎಲ್ಲರನ್ನೂ ಮನೆಯಿಂದ ಹೊರಗೆ ಕಳಿಸಬೇಕು. ಒಲೆಯಿಂದ ಇಳಿಸಿದ ಮೇಲೆ, ಮೊದಲೇ ತೆಗೆದಿಟ್ಟ ಕರಗಿಸದ ಚೂರುಗಳನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ, ಕೈ ಬಿಡದೆ ಕಲಕುತ್ತಾ 31, 32ಕ್ಕೆ ತರಬೇಕು. ಕಾರ್ಖಾನೆಯಲ್ಲಿ ಸರಿಯಾಗಿ ಹದಗೊಂಡು ಬಂದ ಆ ಚೂರುಗಳಲ್ಲಿ ಐದನೆಯವನು ಇದ್ದೇ ಇರುತ್ತಾನೆ. ಅವನನ್ನು ನೋಡಿ ಉಳಿದ ಬೆಣ್ಣೆಯೂ ಅದೇ ದಾರಿ ಹಿಡಿಯುತ್ತದೆ. ಆ ಬಿಸಿಯಲ್ಲಿ ಮೊದಲ ನಾಲ್ವರು ಉಳಿಯಲಾರರು. ಮುನ್ನೂರು ಗ್ರಾಮ್ ಕರಗಿಸಿದರೆ ನೂರು ಗ್ರಾಮ್ ತೆಗೆದಿಟ್ಟಿರಬೇಕು.

ಇದನ್ನು ಮನೆಗೆ ಬಂದು ಅಮ್ಮನಿಗೆ ವಿವರಿಸಿದೆ, ಆರು ಮಕ್ಕಳ ಸಮೇತ. ಅವರು ಪೂರ್ತಿ ಕೇಳಿದರು. "ಹೆಪ್ಪು ಹಾಕೋದು ಅನ್ನು. ಇಷ್ಟು ಉದ್ದ ಯಾಕೆ ಎಳೀತೀಯ?"

ನಾನು ಸುಮ್ಮನಾದೆ. ಒಂದು ಚಮಚ ಹಳೆಯ ಮೊಸರು ಒಂದು ಪಾತ್ರೆ ಹಾಲಿಗೆ ದಾರಿ ತೋರಿಸುವುದನ್ನು ಎಂಬತ್ತು ವರ್ಷದಿಂದ ದಿನವೂ ಕಂಡವರು. ಹಾಲಿನದು ಜೀವಾಣುಗಳ ಕೆಲಸ, ಇದು ಹರಳಿನದು ಎಂದು ತಗಾದೆ ತೆಗೆಯಬಹುದಿತ್ತು. ಆದರೆ ಸೊಸೆ ಹೇಳಿದ ಟೆಂಪರಿಂಗಿಗೆ ಪುಸ್ತಕ ಕೊಟ್ಟ ಒಗ್ಗರಣೆಗಿಂತ ಅಮ್ಮ ಕೊಟ್ಟ ಹೆಪ್ಪು ಸಾವಿರ ಪಾಲು ಹತ್ತಿರದ್ದು.

ಮೂರನೆಯ ಪ್ರಯೋಗ ಹುಟ್ಟುಹಬ್ಬದ ಹಿಂದಿನ ಮಧ್ಯಾಹ್ನ. ಬಿಸಿ ಅಳೆಯಲು ಮನೆಯಲ್ಲಿದ್ದದ್ದು ಜ್ವರದ ಥರ್ಮಾಮೀಟರ್. ಸ್ಪಿರಿಟ್ಟಿನಿಂದ ಒರೆಸಿ, ಬಟ್ಟೆಯಿಂದ ಒರೆಸಿ, ಮತ್ತೆ ಒರೆಸಿ ಚಾಕೊಲೇಟಿಗೆ ಅದ್ದಿದೆ. ‘ಎಚ್’ ಎಂದು ತೋರಿಸಿತು. ಬಹಳ ಬಿಸಿ ಎಂದರ್ಥ. ಚೂರು ಹಾಕಿ ಕಲಕಿದೆ. ನಲವತ್ತು, ಮೂವತ್ತೆಂಟು, ಮೂವತ್ತೈದು ಎಂದು ರೋಗಿ ಚೇತರಿಸಿಕೊಳ್ಳುವ ಹಾಗೆ ಇಳಿಯಿತು. ಸರಿಯಾಗಿ ನನಗೆ ಬೇಕಾದ ಹೊತ್ತಿಗೆ ‘ಎಲ್’ ಎಂದಿತು. 32ಕ್ಕಿಂತ ಕೆಳಗೆ ಬದುಕಿರುವ ಮನುಷ್ಯರನ್ನು ಅದು ಕಂಡಿಲ್ಲ, ಪಾಪ. ನಾನು ಅಮ್ಮನನ್ನು ಕರೆದೆ. ಅವರು ಕೈ ಒರೆಸಿಕೊಂಡರು, ನಾನು ಹೇಳುವ ಮೊದಲೇ. ಕಿರುಬೆರಳಿನ ಬೆನ್ನು ತಾಗಿಸಿ ಒಂದು ಕ್ಷಣ ಇಟ್ಟುಕೊಂಡರು.

"ಹಾಲಾಗಿದ್ರೆ ಹೆಪ್ಪು ಹಾಕೋ ಹೊತ್ತು ಮೀರಿತು ಅಂತಿದ್ದೆ. ಉಗುರುಬೆಚ್ಚಗೂ ಇಲ್ಲ. ಮಗು ಕೆನ್ನೆಗಿಂತ ಒಂಚೂರು ತಣ್ಣಗಿದೆ."

ನಾನು ಒಂದು ತೊಟ್ಟು ಕೆಳತುಟಿಗೆ ಹಚ್ಚಿ ನೋಡಿದೆ. ಮಿಠಾಯಿ ಮಾಡುವವರ ಹಳೆಯ ಪರೀಕ್ಷೆಯಂತೆ ಅದು, ಮೇಷ್ಟ್ರು ಹೇಳಿದ್ದು: ತುಟಿಗೆ ಬಿಸಿಯೂ ಅಲ್ಲದೆ, ತುಸು ತಂಪೆನಿಸಿದರೆ ಹದ. ತಂಪೆನಿಸಿತು. ಚಾಕುವಿನ ತುದಿಯನ್ನು ಅದ್ದಿ ಮೇಜಿನ ಮೇಲಿಟ್ಟೆ. ಐದು ನಿಮಿಷದಲ್ಲಿ, ಫ್ರಿಜ್ಜಿನ ಹಂಗಿಲ್ಲದೆ, ಯಡಿಯೂರಿನ ಜನವರಿಯ ಗಾಳಿಗೇ ಅದು ಗಟ್ಟಿಯಾಗಿ ಮಿಂಚಿತು.

ಎಲೆಗೆ ಅಚ್ಚು ಯಾವುದು ಎನ್ನುವುದು ಉಳಿದಿತ್ತು. ಗುಲಾಬಿ ಎಲೆಗೆ ಬಳಿದು ಬಿಡಿಸುತ್ತಾರೆ ಎಂದಿದ್ದಳು ಸೊಸೆ. ನಮ್ಮ ಕುಂಡದ ಗುಲಾಬಿಗೆ ನಾನು ಹಿಂದಿನ ವಾರವಷ್ಟೇ ಔಷಧ ಹೊಡೆದಿದ್ದೆ. ಕಣ್ಣು ಅಮ್ಮನ ಎಲೆಯಡಿಕೆ ತಟ್ಟೆಯ ಮೇಲೆ ಬಿತ್ತು. ವೀಳ್ಯದೆಲೆ! ದಪ್ಪ, ನಯ, ಹೊಳಪು, ತಿನ್ನಲು ಯೋಗ್ಯ, ಮೇಲಾಗಿ ಮಂಗಳಕರ. ಹನ್ನೆರಡು ಎಲೆ ತೊಳೆದು, ನೀರಿನ ಪಸೆ ಇಲ್ಲದಂತೆ ಪಂಚೆಯ ಅಂಚಿನಿಂದ ಒತ್ತಿ ಒರೆಸಿ, ಮುಂಭಾಗಕ್ಕೆ ಬ್ರಷ್ಷಿನಿಂದ ಎರಡು ಸಲ ಬಳಿದು ಸಾಲಾಗಿ ಮಲಗಿಸಿದೆ. ಒಣಗಿದ ಮೇಲೆ ಬಿಡಿಸುವಾಗ ಎಲೆಯನ್ನು ಚಾಕೊಲೇಟಿನಿಂದ ಸುಲಿಯಬೇಕು, ಚಾಕೊಲೇಟನ್ನು ಎಲೆಯಿಂದಲ್ಲ. ಒಂದು ಮುರಿಯಿತು. ಹನ್ನೊಂದು ನಿಂತವು. ಎಲೆಯ ಮೇಲಿನ ತಗ್ಗುಗಳೆಲ್ಲ ಚಾಕೊಲೇಟಿನ ಮೇಲೆ ಉಬ್ಬಿದ ನರಗಳಾಗಿದ್ದವು. ಕಿಟಕಿಯ ಕಂಬಿ ಅದರಲ್ಲಿ ಕಾಣುತ್ತಿತ್ತು. ಮೂಸಿದರೆ, ಬಲು ಸಣ್ಣದಾಗಿ, ಮದುವೆಮನೆ.

ಮಾರನೆಯ ಸಂಜೆ ಹದಿನೈದು ಮಕ್ಕಳು ಬಂದು ಹತ್ತು ಎಲೆಗಳನ್ನು ಹೇಗೆ ಮುಗಿಸಿದರು ಎಂದು ನನಗೆ ತಿಳಿಯಲಿಲ್ಲ. ಹಾಡು, ಕಿರುಚಾಟ, ಬಲೂನು ಒಡೆಯುವ ಸದ್ದು. ಮೊಮ್ಮಗಳೂ ತನ್ನ ಪಾಲನ್ನು ಗಬಕ್ಕನೆ ಬಾಯಿಗೆ ಹಾಕಿಕೊಂಡಳು. ಟಕ್ ಅಂದಿತೋ ಇಲ್ಲವೋ ಕೇಳಿಸಿಕೊಳ್ಳಲು ಯಾರಿಗೂ ಪುರಸೊತ್ತಿರಲಿಲ್ಲ. ನಾನು ಉಳಿದ ಒಂದೇ ಎಲೆಯನ್ನು ಅಮ್ಮನಿಗೆ ತೆಗೆದುಕೊಂಡು ಹೋದೆ. ಅವರು ಗದ್ದಲಕ್ಕೆ ಬೇಸತ್ತು ಒಳಕೋಣೆಯಲ್ಲಿ ಕೂತಿದ್ದರು. ದೀಪ ಹಾಕಿರಲಿಲ್ಲ.

"ಮೊಟ್ಟೆ ಇಲ್ಲ ತಾನೆ?"

"ಇಲ್ಲಮ್ಮ."

ಎಲೆಯನ್ನು ಅಂಗೈ ಮೇಲೆ ಇಟ್ಟುಕೊಂಡು, ಒಮ್ಮೆ ಸೆರಗಿನಿಂದ ಒರೆಸಲು ಹೋಗಿ ನಿಲ್ಲಿಸಿ, ಎಡಗೈಗೆ ಹಿಡಿದು, ಬಲಗೈಯ ಹೆಬ್ಬೆರಳು ತೋರುಬೆರಳಿನಿಂದ ಅದರ ತುದಿ ಚಿವುಟಿದರು. ಅರವತ್ತು ವರ್ಷ ದಿನಕ್ಕೆ ಮೂರು ಸಲ ಚಿವುಟಿದ ಕೈ.

ಟಕ್.

ಬಾಗಿಲಲ್ಲಿ ನಿಂತಿದ್ದ ಮೊಮ್ಮಗಳು "ತಾತ!" ಎಂದಳು. ಅಮ್ಮ ತುದಿಯನ್ನು ಪಕ್ಕಕ್ಕೆ ಹಾಕಿ, ಎಲೆಯನ್ನು ಹಲ್ಲಿಲ್ಲದ ಬಾಯಿಗಿಟ್ಟುಕೊಂಡು, ದವಡೆಯ ಮೂಲೆಗೆ ಸರಿಸಿ ಕಣ್ಣು ಮುಚ್ಚಿದರು. ಒಂದೆರಡು ನಿಮಿಷ ಏನೂ ಮಾತಿಲ್ಲ. ಆಮೇಲೆ ಕಣ್ಣು ತೆರೆದು ತಟ್ಟೆಯ ಕಡೆ ನೋಡಿದರು.

"ಸುಣ್ಣ ಎಲ್ಲೋ?"